ಗೋಡೌನ್ ಸೇರಿದ ಕಂಪ್ಯೂಟರ್

ಊಟದ ಎಲೆಯ ಮುಂದೆ ಕೂತು ಯಾರಿಗೂ ಮಾತು ಕೊಡಬಾರದು. ಎರಡು ಸೌಟು ಪಾಯಸ ಒಳಗಿಳಿದ ಮೇಲೆ ಎಲ್ಲ ಕೆಲಸವೂ ಸುಲಭವಾಗಿಯೇ ಕಾಣುತ್ತದೆ. ತಂಗಿ ಸುಮಾಳ ನಿಶ್ಚಿತಾರ್ಥದ ದಿನ ನಾನು ಅವಳ ಅತ್ತೆಯಾಗುವವರ ಮುಂದೆ, "ಸ್ಟುಡಿಯೋದವ್ರು ಯಾಕಮ್ಮಾ ದಂಡಕ್ಕೆ? ಮದುವೆ ವಿಡಿಯೋ ನಾನೇ ತೆಗೆದು, ಮನೆ ಕಂಪ್ಯೂಟರಲ್ಲೇ ಸಿ.ಡಿ. ಮಾಡಿ ಕೊಡ್ತೀನಿ" ಎಂದು ಕೊಚ್ಚಿಕೊಂಡೆ. ಮದುವೆ ಮುಗಿಯಿತು, ಕಾಫಿ ಕುಯ್ಲೂ ಮುಗಿಯಿತು. ಬೀಗರು ಫೋನ್ ಮಾಡಿ, "ನಾಳೆ ಊಟಕ್ಕೆ ಬರ್ತೇವೆ, ಸಿ.ಡಿ. ತಗೊಂಡು ಐದರ ಬಸ್ಸಿಗೆ ಹೊರಡ್ತೇವೆ" ಎಂದರು. ಸಿ.ಡಿ. ಇನ್ನೂ ಹುಟ್ಟಿರಲಿಲ್ಲ. ನನ್ನ ಮಾನ ಮಾತ್ರ ಆಗಲೇ ಅರ್ಧ ಹೋಗಿತ್ತು.

ನಮ್ಮ ಕಂಪ್ಯೂಟರಿಗೆ ಪತ್ರ ಟೈಪು ಮಾಡುವಾಗ ಇರುವ ಸೌಮ್ಯ ಸ್ವಭಾವ ವಿಡಿಯೋ ಕೊಟ್ಟರೆ ಇರುವುದಿಲ್ಲ. ಗುಂಯ್ ಎಂದು ಊಳಿಡುತ್ತದೆ, ಕಾದ ಹಂಚಿನಂತಾಗುತ್ತದೆ, ಅರ್ಧ ಮದುವೆಯಲ್ಲಿ ಎದ್ದು ಹೋದ ನೆಂಟರ ಹಾಗೆ ತಟ್ಟನೆ ಆರಿಹೋಗುತ್ತದೆ. ಮಧ್ಯಾಹ್ನದ ನಿದ್ದೆ ಕೆಟ್ಟ ಅಪ್ಪಯ್ಯ ಎದ್ದು ಬಂದು, "ಏನ್ ಮಾರಾಯ, ನಡುಮನೇಲಿ ಪಲ್ಪರ್ ಓಡಿಸ್ತಾ ಇದ್ದೀಯಾ?" ಎಂದರು. ಸದ್ದಡಗಲಿ ಎಂದು ಕಂಬಳಿ ಹೊದಿಸಿದೆ. ಸದ್ದಡಗಿತು, ಕಂಪ್ಯೂಟರೂ ಅಡಗಿತು. ಪಕ್ಕದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಹಿಡಿದೆ. ತಣ್ಣಗೇನೋ ಆಯಿತು, ಆದರೆ ಒಳಗಿನ ಫ್ಯಾನು, ಹೊರಗಿನ ಫ್ಯಾನು, ಜೊತೆಗೆ ಅಪ್ಪಯ್ಯ ಸೇರಿ ಕಿವಿ ಕಿತ್ತುಹೋಗುವಂತಾಯಿತು. "ಕಾಫಿ ಹಣ್ಣಿನ ಸಿಪ್ಪೆ ಬಿಡ್ಸೋ ಪಲ್ಪರ್‌ಗೂ ನೀರು ಬಿಡ್ತೀವಪ್ಪ. ಇದಕ್ಕೂ ಸ್ವಲ್ಪ ಬಿಡ್ಲಾ?" ಎಂದು ಅವರು ಕೇಳಿದಾಗ ಕೈಯಲ್ಲಿ ನಿಜವಾಗಿಯೂ ಚೆಂಬಿತ್ತು.

ಆಗ ಹೊಳೆದದ್ದು ಕಾಫಿ ಗೋಡೌನು. ಮರದ ಹಲಗೆಯ ನೆಲ, ದಪ್ಪ ಗೋಡೆ, ಎತ್ತರದ ಕಿಟಕಿಯಿಂದ ಗಾಳಿ, ಸುತ್ತ ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು. ಮೂಟೆಗಳ ನಡುವೆ ಕಂಪ್ಯೂಟರ್ ಕೂರಿಸಿ, ಕಿಟಕಿಯಿಂದ ವೈರ್ ಎಳೆದು ಮರುದಿನ ಬೆಳಿಗ್ಗೆ ಶುರು ಮಾಡಿದೆ. ಆಹಾ! ಸದ್ದನ್ನೆಲ್ಲ ಮೂಟೆಗಳು ನುಂಗಿದವು, ಬಿಸಿಯನ್ನು ಗಾಳಿ ನುಂಗಿತು. ಇಂಥ ಬುದ್ಧಿ ಪೇಟೆಯ ಇಂಜಿನಿಯರಿಗೆ ಎಲ್ಲಿಂದ ಬರಬೇಕು ಎಂದು ಬೀಗುತ್ತಾ ಬೀಗರಿಗೆ ಸಿಹಿ ತರಲು ಮೂಡಿಗೆರೆಗೆ ಹೋದೆ.

ಬಂದು ನೋಡಿದರೆ ಗೋಡೌನಿಗೆ ತೆಂಗಿನಕಾಯಿ ಗಾತ್ರದ ಬೀಗ. ಹೆಂಡತಿ ಶೈಲಾ ಹೇಳಿದಳು: "ಮಾವ ಕಾಫಿ ಸ್ಯಾಂಪಲ್ ತಗೊಂಡು ಚಿಕ್ಕಮಗಳೂರಿಗೆ ಹೋದ್ರು. ಮೂಟೆ ಪೇರಿಸಿದ್ಮೇಲೆ ಬಾಗಿಲು ತೆರೆದಿಟ್ರೆ ಕಾಫಿಗೆ ತೇವ ಹತ್ತುತ್ತಂತೆ. 'ಅವನ ಪೆಟ್ಟಿಗೇನೂ ಭದ್ರವಾಗಿದೆ ಅಂತ ಹೇಳು' ಅಂದ್ರು." ಗೋಡೌನಿನ ಬೀಗದ ಕೈ ನಮ್ಮಲ್ಲಿ ಯಜಮಾನರ ಉಡಿದಾರ ಬಿಟ್ಟು ಇಳಿಯುವುದಿಲ್ಲ. ಅದು ಈಗ ಉಡಿದಾರದ ಸಮೇತ ಬಸ್ಸಿನಲ್ಲಿತ್ತು.

ಬೀಗರು ಬಂದು ಉಂಡೂ ಆಯಿತು. ಊಟಕ್ಕೆ ಬರುತ್ತೇನೆಂದ ಅಪ್ಪಯ್ಯ ನಾಲ್ಕೂವರೆಯಾದರೂ ಪತ್ತೆಯಿಲ್ಲ. ನಾನು ಏಣಿ ಹತ್ತಿ ಕಿಟಕಿಯ ಸರಳಿನಿಂದ ಇಣುಕಿದೆ. ಕೆಲಸ ಮುಗಿದಿತ್ತು. ಕಂಪ್ಯೂಟರು ಸಿ.ಡಿ.ಯನ್ನು ಹೊರಗೆ ಚಾಚಿ ನನ್ನನ್ನೇ ಅಣಕಿಸುತ್ತಾ ಕೂತಿತ್ತು. ನನಗೆ ಅಳುವೇ ಬಂತು. ಏಣಿಯ ಮೇಲಿಂದಲೇ ಬೀಗಕ್ಕೆ, ಕಾಫಿಗೆ, ಬಸ್ಸಿಗೆ, ಕೊನೆಗೆ ಹೆತ್ತ ತಂದೆಗೂ ಬಾಯಿಗೆ ಬಂದಂತೆ ಬೈದೆ.

ಕೆಳಗೆ ಬ್ಯಾಗು ಹಿಡಿದು ಹೊರಟು ನಿಂತಿದ್ದ ಸುಮಾಳ ಅತ್ತೆ ಗಾಬರಿಯಾಗಿ, "ಈ ಕಂಪ್ಯೂಟರ್ ತುಂಬಾ ಬಿಸಿಯಾಗಿ ಗಲಾಟೆ ಮಾಡತ್ತಂತೆ, ಹೌದಾ?" ಎಂದು ಶೈಲಾಳನ್ನು ಕೇಳಿದರು.

"ಇಲ್ಲಮ್ಮ, ಅದು ತಣ್ಣಗೆ ಸುಮ್ನೆ ಕೂತಿದೆ" ಎಂದಳು ಶೈಲಾ. "ಇನ್ನು ಫ್ಯಾನ್ ಹಿಡೀಬೇಕಾಗಿರೋದು ಏಣಿ ಮೇಲಿರೋರಿಗೆ."