ಗ್ರೈಂಡರಿನ ಜಾಗದಲ್ಲಿ ನಿಂತ ಐಸ್ ಯಂತ್ರ

ಸಣ್ಣ ಎಂಜಿನ್ ರಿಪೇರಿ ಮಾಡುವವನ ಹತ್ತಿರ ಜನ ಕೆಟ್ಟ ಯಂತ್ರ ತರುತ್ತಾರೆ ಅಂತ ಎಲ್ಲರೂ ತಿಳಿದಿದ್ದಾರೆ. ತಪ್ಪು. ಬಹಳಷ್ಟು ಸಲ ಯಂತ್ರ ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ಅದನ್ನು ಹೊತ್ತು ತಂದವರ ತಲೆ. ಭೂಮಿಯ ದಕ್ಷಿಣ ತುದಿಯ ಈ ಲೋವರ್ ಹಟ್ ಊರಿನಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆದರೂ ಎರಡು ಸಾವಿರದ ಹದಿನೈದರ ಆಸುಪಾಸಿನಲ್ಲಿ ಕೆನಡಾದಿಂದ ಬಂದಿಳಿದ ರಾಯರೊಬ್ಬರು ಒಂದೇ ಒಂದು ಯಂತ್ರ ಇಟ್ಟುಕೊಂಡು ವರ್ಷವಿಡೀ ಒದಗಿಸಿದ ಮನರಂಜನೆಯನ್ನು ಬೇರೆ ಯಾವ ಗಿರಾಕಿಯೂ ಒದಗಿಸಿಲ್ಲ.

ತೂತು ನಮ್ಮದು

ರಾಯರು ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ಮೊದಲ ಸಲ ಬಂದಾಗ ಹೆಂಡತಿಯೂ ಜೊತೆಗಿದ್ದರು. ರಾಯರ ತೋಳಿನಲ್ಲಿ ಎದೆಯೆತ್ತರದ ಒಂದು ಯಂತ್ರ. ಮೇಲೆ ಪೆಟ್ರೋಲ್ ಎಂಜಿನ್, ಎರಡು ಹಿಡಿ, ಕೆಳಗೆ ಉದ್ದಕ್ಕೆ ತಿರುಚಿಕೊಂಡ ಕಬ್ಬಿಣ, ತುದಿಯಲ್ಲಿ ಕ್ಷೌರದ ಬ್ಲೇಡಿನಷ್ಟು ಹರಿತವಾದ ಅಲಗು.

"ಇದೇನ್ರೀ ಸರ?" ಅಂದೆ.

"ಐಸ್ ಆಗರ್. ಹೆಪ್ಪುಗಟ್ಟಿದ ಕೆರೆ ಮೇಲೆ ನಿಂತು ಐಸ್ ಕೊರೀತೀವಿ. ಆ ತೂತಲ್ಲಿ ಗಾಳ ಬಿಟ್ಟು ಮೀನು ಹಿಡೀತಾರೆ."

"ಲೋವರ್ ಹಟ್‌ನಾಗ ಯಾವ ಕೆರಿ ಹೆಪ್ಪುಗಟ್ತೈತ್ರಿ?"

ರಾಯರು ಯಂತ್ರವನ್ನು ನೆಲಕ್ಕೆ ಇಳಿಸಿದರು. ಉತ್ತರ ಹೆಂಡತಿ ಕೊಟ್ಟರು. "ಅದನ್ನೇ ನಾನೂ ಕೇಳ್ತಿರೋದು. ಕಂಟೇನರ್‌ನಲ್ಲಿ ಜಾಗ ಇಲ್ಲ ಅಂತ ನನ್ನ ಗ್ರೈಂಡರ್ ಅಲ್ಲೇ ಬಿಡಿಸಿ ಇದನ್ನ ತಂದ್ರು. ಮಿಕ್ಸಿಯಲ್ಲಿ ರುಬ್ಬಿ ರುಬ್ಬಿ ನಮ್ಮನೆ ಇಡ್ಲಿ ಗೋಡೆ ಕಟ್ಟೋ ಹಾಗಾಗಿದೆ. ಬರೋ ಚಳಿಗಾಲ ಮುಗಿಯೋದ್ರೊಳಗೆ ಐಸ್‌ನಲ್ಲಿ ಒಂದು ತೂತು ಕೊರೆದು ತೋರಿಸಲಿ. ಇಲ್ಲ ಅಂದ್ರೆ ಗ್ಯಾರೇಜಿಂದ ಇದು ಆಚೆಗೆ, ಗ್ರೈಂಡರ್ ಒಳಗೆ."

ಗ್ಯಾರೇಜಿನಲ್ಲಿ ಎರಡಕ್ಕೂ ಜಾಗವಿಲ್ಲ. ಒಂದಿದ್ದರೆ ಇನ್ನೊಂದಿಲ್ಲ. ರಾಯರ ಮುಖ ನೋಡಿ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ಅಷ್ಟು ರುಚಿ ಏನ್ರೀ ಅಲ್ಲಿ ಮೀನು?" ಅಂತ ಕೇಳಿದೆ.

ರಾಯರು ಹೌಹಾರಿದರು. "ಛೆ ಛೆ, ನಾವು ಮೊಟ್ಟೇನೂ ಮುಟ್ಟಲ್ಲ ಕಣ್ರೀ. ಆಫೀಸಿನವರು ಕರೀತಿದ್ರು, ಹೋಗ್ತಿದ್ದೆ. ತೂತು ನಮ್ಮದು, ಮೀನು ಅವರದು."

ಪೂಜೆಯ ಮಾರನೆಯ ದಿನ

ಆಯುಧಪೂಜೆ ಮುಗಿದ ಮಾರನೆಯ ದಿನ ಇಬ್ಬರೂ ಮತ್ತೆ ಹಾಜರು. "ಮೊನ್ನೆವರೆಗೂ ಸ್ಟಾರ್ಟ್ ಆಗ್ತಿತ್ತು. ಈಗ ಹಗ್ಗ ಎಳೆದು ಎಳೆದು ರಟ್ಟೆ ಬಿದ್ದುಹೋಯ್ತು," ಅಂದರು ರಾಯರು.

ಯಂತ್ರವನ್ನು ನೋಡಿದೆ. ಮದುವಣಗಿತ್ತಿಯಂತೆ ಇತ್ತು. ಹಿಡಿಗೆ ಸೇವಂತಿಗೆ ಹಾರ, ಟ್ಯಾಂಕಿನ ಮೇಲೆ ವಿಭೂತಿ, ಎಂಜಿನ್ನಿನ ಪಕ್ಕದಲ್ಲಿ ಅಂಗೈಯಗಲ ಗಂಧ, ಅದರ ನಡುವೆ ದೊಡ್ಡ ಕುಂಕುಮ. ಆ ಗಂಧವನ್ನು ಕೆರೆದರೆ ಒಳಗೆ ಏರ್ ಫಿಲ್ಟರಿನ ಬಾಯಿ. ಎಂಜಿನ್ ಗಾಳಿ ಎಳೆದುಕೊಳ್ಳುವುದು ಅಲ್ಲಿಂದಲೇ. ಗಂಧ ಒಣಗಿ ಗಾರೆ ಆಗಿತ್ತು. ಅದಕ್ಕೂ ಮೊದಲು ಯಂತ್ರಕ್ಕೆ ಹೋಸ್‌ಪೈಪಿನಲ್ಲಿ ಅಭ್ಯಂಜನವೂ ಆಗಿತ್ತಂತೆ. ಕಾರ್ಬ್ಯುರೇಟರ್ ಬಿಚ್ಚಿದರೆ ತೀರ್ಥ ಸುರಿಯಿತು.

"ಅಲ್ಲೇ ಯಾಕ್ರೀ ಹಚ್ಚಿದ್ರಿ?"

"ಆ ಜಾಗ ಒಂದೇ ಚಪ್ಪಟೆಯಾಗಿತ್ತು. ಕುಂಕುಮ ಚೆನ್ನಾಗಿ ಕೂರುತ್ತೆ ಅಂತ."

"ಸರ, ಇದು ಅದರ ಮೂಗು. ಮೂಗಿಗೇ ಗಂಧ ಮೆತ್ತಿದ್ರ ದೇವರಾದ್ರೂ ಹ್ಯಾಂಗ ಉಸಿರಾಡ್ಬೇಕ್ರಿ?"

ಕರಿಬೇವಿನ ಗುಂಡಿ

ಡಿಸೆಂಬರಿನಲ್ಲಿ, ಅಂದರೆ ಇಲ್ಲಿಯ ಬೇಸಿಗೆಯಲ್ಲಿ, ರಾಯರಿಗೆ ಹೊಸ ಯೋಚನೆ ಹೊಳೆಯಿತು. ಐಸ್ ಸಿಗುವವರೆಗೆ ಯಂತ್ರ ಸುಮ್ಮನೆ ನಿಲ್ಲುವುದೇಕೆ, ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ಗುಂಡಿ ತೋಡೋಣ ಅಂತ. ಹೆಂಡತಿಯ ಎದುರು ಯಂತ್ರದ ಮಾನ ಉಳಿಸುವ ಆಸೆ. ನನ್ನನ್ನು ಊಟಕ್ಕೆ ಕರೆದಿದ್ದರು, ನಾನೂ ಇದ್ದೆ.

"ಸರ, ಇದರ ಅಲಗು ಐಸಿಗೆ ಮಾಡಿದ್ದು. ಮಣ್ಣಾಗ ಹಾಕಬ್ಯಾಡ್ರಿ," ಅಂದೆ.

"ಐಸ್‌ಗಿಂತ ಮಣ್ಣು ಮೆತ್ತಗಲ್ವೇನ್ರೀ?" ಅಂದರು. ಓದಿದವರ ತರ್ಕಕ್ಕೆ ಎದುರಾಡುವ ಶಕ್ತಿ ನನಗೆಲ್ಲಿದೆ? ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

ಹಟ್ ಕಣಿವೆಯ ನೆಲ ಅಂದರೆ ಹಳೆಯ ನದಿಪಾತ್ರ. ಮೇಲೆ ಒಂದು ಗೇಣು ಮಣ್ಣು, ಕೆಳಗೆ ಬರೀ ಉರುಟು ಕಲ್ಲು. ಅಲಗು ಹೋಗಿ ಒಂದು ಕಲ್ಲಿಗೆ ಗಪ್ಪನೆ ಕಚ್ಚಿಕೊಂಡಿತು. ಕೆಳಗಿನ ಕಬ್ಬಿಣ ನಿಂತಿತು. ಮೇಲಿನ ಎಂಜಿನ್ ನಿಲ್ಲಲಿಲ್ಲ. ಹಿಡಿ ಬಿಡಬೇಕು ಅಂತ ರಾಯರಿಗೆ ಹೊಳೆಯಲಿಲ್ಲ. ಯಂತ್ರದ ಸುತ್ತ ಅವರೇ ಒಂದು ಪ್ರದಕ್ಷಿಣೆ ಹಾಕಿ, ಲುಂಗಿ ಒಂದು ಕಡೆ, ಚಪ್ಪಲಿ ಒಂದು ಕಡೆಯಾಗಿ ಹುಲ್ಲಿನ ಮೇಲೆ ಕೂತರು. ಪೆಟ್ಟೇನೂ ಆಗಲಿಲ್ಲ. ಅಲಗು ಮಾತ್ರ ತೆಂಗಿನಕಾಯಿ ತುರಿಮಣೆಯಂತೆ ಹಲ್ಲುಹಲ್ಲಾಯಿತು. ಹೊಸದನ್ನು ಕೆನಡಾದಿಂದಲೇ ತರಿಸಬೇಕಾಯಿತು.

ಅಡುಗೆಮನೆ ಕಿಟಕಿಯಿಂದ ಹೆಂಡತಿ ಎಲ್ಲವನ್ನೂ ನೋಡಿದರು. ನನ್ನ ಕಡೆ ತಿರುಗಿ ಹೇಳಿದರು. "ನೋಡಿ, ನನ್ನ ಗ್ರೈಂಡರ್‌ನಲ್ಲಿ ಕಲ್ಲಾದ್ರೂ ತಿರುಗ್ತಿತ್ತು. ಇದರಲ್ಲಿ ಯಜಮಾನ್ರೇ ತಿರುಗ್ಬೇಕು."

ಹುಳಿ ಬಂದ ಪೆಟ್ರೋಲು

ಮೇ ತಿಂಗಳಲ್ಲಿ ಮತ್ತೆ ಸ್ಟಾರ್ಟ್ ಆಗುತ್ತಿಲ್ಲ ಅಂತ ತಂದರು. ಟ್ಯಾಂಕಿನಲ್ಲಿ ಕರಿಬೇವಿನ ಗುಂಡಿ ಕಾಲದ ಪೆಟ್ರೋಲ್ ಹಾಗೇ ಇತ್ತು. ಅದು ಹಳಸಿ ಎಂಜಿನ್ನಿನ ಒಳಗೆಲ್ಲ ಅಂಟು.

"ಕೆಲಸ ಮುಗಿದ ಮ್ಯಾಲೆ ಟ್ಯಾಂಕ್ ಖಾಲಿ ಮಾಡಿ ಇಡಬೇಕ್ರಿ. ಹ್ವಾದ ಸಲಾನೂ ಹೇಳಿದ್ನಲ್ಲ?"

"ಎಲ್ಲಾದ್ರೂ ಐಸ್ ಕಟ್ಟಿದೆ ಅಂತ ಫೋನ್ ಬಂದ್ರೆ? ತಕ್ಷಣ ಹೊರಡಬೇಕಲ್ಲ?"

ಆ ಫೋನ್ ಯಾರು ಮಾಡುತ್ತಾರೆ ಅಂತ ಕೇಳಲಿಲ್ಲ. ಜೊತೆಗೆ ಬಂದಿದ್ದ ಹೆಂಡತಿ ಟ್ಯಾಂಕ್ ಮೂಸಿ ಹೇಳಿದರು. "ಹಿಟ್ಟು ಹುಳಿ ಬಂದ್ರೆ ದೋಸೆಯಾದ್ರೂ ಆಗುತ್ತೆ. ಇದು ಯಾತಕ್ಕೂ ಬರಲ್ಲ."

ಐಸ್ ಸಿಕ್ಕಿತು

ಆಗಸ್ಟ್ ಬಂತು, ಇಲ್ಲಿಯ ಚಳಿಗಾಲ ಮುಗಿಯುತ್ತ ಬಂತು. ರಾಯರು ಕಂಗಾಲಾದರು. ಕೊನೆಗೆ ದೂರದ ಒಟಾಗೋ ಸೀಮೆಯ ಒಳನಾಡಿನಲ್ಲಿ ಒಂದು ಕುರಿ ಫಾರ್ಮ್ ಹುಡುಕಿದರು. ಅಲ್ಲಿ ಒಂದು ಕೊಳ, ಬೆಳಗಿನ ಜಾವ ಹೆಪ್ಪುಗಟ್ಟುತ್ತದಂತೆ. ಯಂತ್ರ ಕೈಕೊಟ್ಟರೆ ಅಂತ ನನ್ನನ್ನೂ ಕರೆದರು. ಸಾಕ್ಷಿಗೆ ಅಂತ ಹೆಂಡತಿಯೂ ಹೊರಟರು. ನಾನು ಹೋದದ್ದು ರಿಪೇರಿಗಲ್ಲ, ನಗುವುದಕ್ಕೆ. ಫೆರಿಯಲ್ಲಿ ಸಮುದ್ರ ದಾಟಿ, ದಕ್ಷಿಣ ದ್ವೀಪದ ಉದ್ದಕ್ಕೂ ಕಾರಿನಲ್ಲಿ ಕೂತು ಸೊಂಟ ಸೋತಿತು. ಮಡಿಲಲ್ಲಿ ಮಿಕ್ಸಿಯ ಇಡ್ಲಿ ಡಬ್ಬ.

ಬೆಳಿಗ್ಗೆ ಫಾರ್ಮಿನ ರೈತ ಕೊಳವನ್ನು ತೋರಿಸಿ ಹೇಳಿದ. "ಅದರ ಮೇಲೆ ಕಾಲಿಡಬೇಡ ಮೇಟ್. ನನ್ನ ನಾಯಿಯ ಭಾರವನ್ನೂ ತಡೆಯಲ್ಲ ಆ ಐಸ್."

ರಾಯರು ಸುತ್ತ ನೋಡಿದರು. ಬೇಲಿಯ ಪಕ್ಕ ಕುರಿಗಳಿಗೆ ನೀರಿಡುವ ಎರಡು ಪ್ಲಾಸ್ಟಿಕ್ ತೊಟ್ಟಿ. ಎರಡರ ಮೇಲೂ ಎರಡು ಬೆರಳು ದಪ್ಪ ಐಸ್.

"ಇದರಲ್ಲಿ ಕೊರೀಲಾ?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡ ರೈತ. "ಧಾರಾಳವಾಗಿ ಕೊರಿ ಮೇಟ್," ಅಂತ ಶೆಡ್ಡಿಗೆ ಹೋದ.

ಹಗ್ಗ ಎಳೆದ ಕೂಡಲೇ ಎಂಜಿನ್ ಸ್ಟಾರ್ಟ್ ಆಯಿತು. ರಿಪೇರಿ ನನ್ನದಲ್ಲವೇ. ರಾಯರು ಕಾಲು ಅಗಲಿಸಿ ನಿಂತು, ಕೆನಡಾದ ಮೊಳ ದಪ್ಪದ ಐಸನ್ನು ನೆನೆದುಕೊಂಡು, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದರು. ಐಸ್ ಯಾವಾಗ ಮುಗಿಯಿತೋ ಅವರಿಗೆ ತಿಳಿಯಲೇ ಇಲ್ಲ. ಐಸ್ ದಾಟಿ, ನೀರು ದಾಟಿ, ತೊಟ್ಟಿಯ ತಳ ದಾಟಿ, ಯಂತ್ರ ಒಟಾಗೋದ ಮಣ್ಣಿನಲ್ಲಿ ಹೋಗಿ ನಿಂತಿತು. ನೀರೆಲ್ಲ ಗುಳುಗುಳು ಅಂತ ಕೆಳಗೆ ಇಳಿಯಿತು. ನಡುವೆ ಗುಂಡಗೆ ತೂತಾದ ಐಸ್ ಮಾತ್ರ ಖಾಲಿ ತೊಟ್ಟಿಯ ಬಾಯಿಗೆ ಮುಚ್ಚಳದಂತೆ ಉಳಿಯಿತು. ನೀರು ಕುಡಿಯಲು ಬಂದ ಕುರಿಗಳು ಸಾಲಾಗಿ ನಿಂತು ರಾಯರನ್ನೇ ನೋಡಿದವು.

ಅಷ್ಟರಲ್ಲಿ ರೈತ ಕೈಯಲ್ಲಿ ಒಂದು ಸುತ್ತಿಗೆ ಹಿಡಿದು ಬಂದ. ತೊಟ್ಟಿಯೊಳಗೆ ಬಗ್ಗಿ ನೋಡಿದ. "ಮೀನು ಸಿಕ್ಕಿತಾ?" ಅಂದ. ಆಮೇಲೆ ಪಕ್ಕದ ತೊಟ್ಟಿಯ ಐಸಿಗೆ ಸುತ್ತಿಗೆಯಿಂದ ಒಂದೇ ಏಟು ಕೊಟ್ಟ. ಐಸ್ ಚೂರಾಯಿತು, ಕುರಿಗಳು ಅತ್ತ ಹೋದವು. "ನಾವು ದಿನಾ ಹೀಗೆ ಮಾಡ್ತೀವಿ," ಅಂದ.

ರಾಯರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೆಂಡತಿಯ ಕಡೆ ತಿರುಗಿ, "ಐಸ್‌ನಲ್ಲಿ ತೂತು ಆಯ್ತೋ ಇಲ್ವೋ? ಯಂತ್ರ ಗ್ಯಾರೇಜಲ್ಲೇ ಇರುತ್ತೆ," ಅಂದರು.

"ತೂತು ಎರಡಾಗಿದೆ," ಅಂದರು ಹೆಂಡತಿ. "ನಾನು ಹೇಳಿದ್ದು ಒಂದು."

ಹತ್ತಿರದ ಊರಿನ ಅಂಗಡಿಗೆ ಹೋಗಿ ರೈತನಿಗೆ ಹೊಸ ತೊಟ್ಟಿ ಕೊಂಡರು. ಹೆಂಡತಿ ಜೊತೆಗೆ ಒಂದು ಸುತ್ತಿಗೆಯನ್ನೂ ಕೊಂಡರು. ಯಾಕೆ ಅಂತ ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಯಂತ್ರ ಈಗ ನಮ್ಮ ವರ್ಕ್‌ಶಾಪಿನ ಮೂಲೆಯಲ್ಲಿದೆ, ಟ್ಯಾಂಕ್ ಖಾಲಿ ಮಾಡಿ ಇಟ್ಟಿದ್ದೇನೆ. ಅದೇ ವರ್ಷದ ಆಯುಧಪೂಜೆಗೆ ರಾಯರ ಮನೆಯಿಂದ ಕರೆ ಬಂತು. ತಟ್ಟೆಯಲ್ಲಿ ಮಲ್ಲಿಗೆಯಂಥ ಇಡ್ಲಿ. ಗ್ಯಾರೇಜಿಗೆ ಹೋಗಿ ನೋಡಿದರೆ ಯಂತ್ರ ನಿಂತಿದ್ದ ಜಾಗದಲ್ಲಿ ಹೊಸ ಗ್ರೈಂಡರ್, ಅದಕ್ಕೆ ಹಾರ. ಮೇಲೆ ಗೋಡೆಯ ಮೊಳೆಯಲ್ಲಿ ಆ ಸುತ್ತಿಗೆ. ಅಡಿಯಿಂದ ಮುಡಿವರೆಗೆ ಗಂಧ, ಅದರ ಮೇಲೆ ಕುಂಕುಮ. ಕಬ್ಬಿಣ ಕಾಣುತ್ತಲೇ ಇರಲಿಲ್ಲ.

"ಇಷ್ಟ್ಯಾಕ್ರೀ ಅಕ್ಕಾರ ಗಂಧ?" ಅಂದೆ.

"ಇವರ ಹೊಸ ಐಸ್ ಯಂತ್ರ ಇದೇ," ಅಂದರು ಹೆಂಡತಿ. "ಎಷ್ಟು ಬೇಕಾದ್ರೂ ಮೆತ್ತಲಿ ಅಂತ ಬಿಟ್ಟಿದೀನಿ. ಇದಕ್ಕೆ ಮೂಗಿಲ್ಲವಲ್ಲ."