ಮೊದಲು ಬರೀರಿ

ನೈರೋಬಿಯಲ್ಲಿ ಗೇಟುಗಳು ಇರುವವರೆಗೆ ಇಂಥವು ನಡೆಯುತ್ತಲೇ ಇರುತ್ತವೆ. ಜನ ನಗುತ್ತಾರೆ. ನನಗೆ ಮಾತು ಮರೆಯುತ್ತದೆ.

ಒಂದೇ ಮಾತು

ಇಲ್ಲಿ ಯಾವ ಗೇಟಿನೊಳಗೆ ಹೋಗಬೇಕಾದರೂ ಕಾವಲುಗಾರ ಒಂದು ದೊಡ್ಡ ಪುಸ್ತಕ ಮುಂದಿಡುತ್ತಾನೆ. ಹೆಸರು, ಕಾರಿನ ನಂಬರು, ಬಂದ ಕಾರಣ, ಬಂದ ಸಮಯ, ಹೋದ ಸಮಯ. ಎಲ್ಲ ಬರೆದರೇ ಗೇಟು ತೆಗೆಯುವುದು. ಪಂಗಾನಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರು ಮೂವತ್ತು ವರ್ಷದ ಹಿಂದೆ ಇದನ್ನೇ ಪ್ರಹಸನ ಮಾಡಿದರು. ಸಿರಿವಂತರ ಬಡಾವಣೆ ರುಂಡಾದ ಬಂಗಲೆಯಲ್ಲಿ ಒಬ್ಬನಿಗೆ ಎದೆನೋವು. ಓಡಿ ಬಂದ ಡಾಕ್ಟರು ಗೇಟಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಡಾಕ್ಟರ ಪಾತ್ರ ಅವರದೇ. ಕಾವಲುಗಾರ ನಾನು. ಆಗ ನಾನು ಔಷಧಿ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದೆ. ಯಂತ್ರಗಳ ಜೊತೆ ಮಾತು ಬೇಕಿರಲಿಲ್ಲ.

ನನಗೆ ಇಪ್ಪತ್ತು ಮಾತು ಬರೆದುಕೊಟ್ಟಿದ್ದರು. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮ. ಪರದೆ ಸರಿದದ್ದೇ ಹತ್ತೊಂಬತ್ತು ಮರೆತುಹೋದವು. ಡಾಕ್ಟರು ಗೋಗರೆದರು. "ಮೊದಲು ಬರೀರಿ" ಅಂದೆ. ರೇಗಿದರು. "ಮೊದಲು ಬರೀರಿ" ಅಂದೆ. ಕಾಲಿಗೆ ಬೀಳಲು ಬಂದರು. ಆಗಲೂ ಅದೇ ಅಂದೆ. ಜನ ಬಿದ್ದು ಬಿದ್ದು ನಕ್ಕರು.

ಆಮೇಲೆ ಡಾಕ್ಟರು ಕೈ ಕುಲುಕಿ, "ಎಂಥ ನಟನೆ ರೀ ನಿಮ್ಮದು" ಅಂದರು.

ನನ್ನ ಹೆಂಡತಿ ಹೇಳಿದಳು: "ನಟನೆ ಎಲ್ಲಿ ಬಂತು ಡಾಕ್ಟ್ರೇ. ಮನೇಲೂ ಇಷ್ಟೇ ಮಾತಾಡೋದು."

ಪೆನ್ನಿನ ದಾರ

ಆಮೇಲೆ ಪ್ರತಿ ಯುಗಾದಿಗೂ ಅದೇ ಪ್ರಹಸನ. ಒಂದು ವರ್ಷ ನ್ಗಾರಾದ ನಮ್ಮ ಫ್ಲ್ಯಾಟಿನ ಕಾವಲುಗಾರ ಪ್ರಹಸನ ನೋಡಲು ಬಂದ. ಕನ್ನಡ ಬಾರದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ತಡೆದು ಸ್ವಾಹಿಲಿಯಲ್ಲಿ ಹೇಳಿದ.

"ಒಂದು ತಪ್ಪು ಮಾಡಿದ್ರಿ. ಪೆನ್ನಿಗೆ ದಾರ ಕಟ್ಟಿಲ್ಲ. ದಾರ ಇಲ್ಲದ ಪೆನ್ನು ಗೇಟಲ್ಲಿ ಒಂದು ಗಂಟೆ ಉಳಿಯಲ್ಲ."

ಮುಂದಿನ ವರ್ಷ ಪೆನ್ನನ್ನು ದಾರದಲ್ಲಿ ಮೇಜಿನ ಕಾಲಿಗೆ ಬಿಗಿದೆ. ಡಾಕ್ಟರಿಗೆ ಹೇಳುವುದು ಮರೆತೆ. ಅವರು ಬರೆದರು. ರೋಗಿಗಳಿಗೆ ಚೀಟಿ ಬರೆದ ರೂಢಿ, ಪೆನ್ನು ತಾನಾಗಿ ಜೇಬಿಗೆ ಹೋಯಿತು. ಅವರು ರೋಗಿಯ ಕಡೆ ಓಡಿದರು. ಮೇಜೂ ಓಡಿತು.

ಅಂದಿನಿಂದ ಪ್ರತಿ ವರ್ಷ ಮೇಜು ಓಡಲೇಬೇಕು. ನಮ್ಮ ಫ್ಲ್ಯಾಟಿನ ಕಾವಲುಗಾರ ಮಾತ್ರ ತಲೆ ಅಲ್ಲಾಡಿಸುತ್ತಾನೆ. "ನೋಡಿದ್ರಾ. ಕದಿಯೋದು ದೊಡ್ಡ ಮನುಷ್ಯರೇ."

ಚಪ್ಪಲಿ

ಈ ವರ್ಷ ಸಂಘಕ್ಕೆ ಹೊಸ ಅಧ್ಯಕ್ಷ. ಎಳೆಯ ಇಂಜಿನಿಯರು, ವಿನಯವಂತ.

"ಸರ್, ಮಕ್ಕಳಿಗೆ ಇದೆಲ್ಲ ಕನೆಕ್ಟ್ ಆಗಲ್ಲ. ಈ ಸಲ ಅವರು ನಗಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಆ ಟೈಮು ಡಾನ್ಸಿಗೆ."

ನನಗೆ ನನ್ನ ಚಿಂತೆ ಇರಲಿಲ್ಲ. ಡಾಕ್ಟರಿಗೆ ಎಂಬತ್ತು ದಾಟಿದೆ. ಕ್ಲಿನಿಕ್ ಮುಚ್ಚಿದ್ದಾರೆ. ಈಚೆಗೆ ಮರೆವು. ದಿನಾ ಬೆಳಿಗ್ಗೆ ಫೋನು ಮಾಡಿ ತಮ್ಮ ನಲವತ್ತು ಮಾತು ಒಪ್ಪಿಸುತ್ತಾರೆ. ಮೊದಲು ಒಂದೆರಡು ತಪ್ಪುತ್ತಿದ್ದವು. ಈಗ ಹತ್ತು ತಪ್ಪುತ್ತವೆ. ಪ್ರಹಸನ ನಿಂತರೆ ಆ ಫೋನೂ ನಿಲ್ಲುತ್ತದೆ. ಆಮೇಲೆ ಅವರ ಗತಿ?

ಮೊಮ್ಮಗಳ ಸಂಗೀತದ ಟೀಚರು ಹವಾಯಿ ದ್ವೀಪದವರು. ಒಂದು ಶನಿವಾರ ದೋಸೆಗೆ ಬಂದಿದ್ದರು. ಅವರ ಊರಿನ ಹಳೆಯ ಪ್ರಹಸನವೊಂದನ್ನು ಫೋನಿನಲ್ಲಿ ತೋರಿಸಿದರು. ಅದಕ್ಕೆ ಅವರ ಅಜ್ಜಿ ನಗುತ್ತಿದ್ದರಂತೆ, ಈಗ ಮಗನೂ ನಗುತ್ತಾನಂತೆ. ನನಗೆ ಒಂದಕ್ಷರ ತಿಳಿಯಲಿಲ್ಲ. ಟೀಚರು ವಿವರಿಸಿದರು. ಇನ್ನೂ ಕೆಟ್ಟಿತು. ಕೊನೆಗೆ ಎದ್ದು ಅಭಿನಯಿಸಿದರು. ಊಟ ಮುಗಿಸಿದ ಅತ್ತೆಯೊಬ್ಬಳು ಬಾಗಿಲ ಹೊರಗಿನ ರಾಶಿಯಲ್ಲಿ ತನ್ನ ಚಪ್ಪಲಿ ಹುಡುಕುತ್ತಾಳೆ. ಎಲ್ಲರದನ್ನೂ ಮೆಟ್ಟಿ ನೋಡುತ್ತಾಳೆ. ಒಳ್ಳೆಯದನ್ನು ಹಾಕಿಕೊಂಡು ಹೋಗುತ್ತಾಳೆ.

ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. "ಇದು ನಮ್ಮ ಸಂಘದ ಬಾಗಿಲೇ ಕಣ್ರೀ."

"ಈಗಿನ ಮಕ್ಕಳು ಯಾಕೆ ನಗ್ತಾರೆ?" ಅಂತ ಟೀಚರನ್ನು ಕೇಳಿದೆ.

"ಅವರ ಚಪ್ಪಲಿಯೂ ಕಳೆದಿರುತ್ತಲ್ಲ" ಅಂದರು.

ಹೊರಡುವಾಗ ನೋಡಿದರೆ ಟೀಚರ ಚಪ್ಪಲಿ ಇಲ್ಲ. ಆ ದಿನ ಮಾತು ಒಪ್ಪಿಸಲು ಮನೆಗೇ ಬಂದಿದ್ದ ಡಾಕ್ಟರು ಆಗತಾನೇ ಹೋಗಿದ್ದರು. ಅವರ ಕಪ್ಪು ಬೂಟು ಬಾಗಿಲಲ್ಲೇ ಇತ್ತು.

ಗೇಟಿನಲ್ಲಿ

ಕಾರ್ಯಕ್ರಮದ ದಿನ ಮಧ್ಯಾಹ್ನ ಬೇಗ ಹೋದೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಕಾವಲುಗಾರನ ಕೋಟು ಮನೆಯಲ್ಲೇ ಹಾಕಿಕೊಂಡಿದ್ದೆ. ಸಭಾಂಗಣದ ಗೇಟಿನಲ್ಲಿ ನಿಜವಾದ ಕಾವಲುಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮ್ಜೀ, ಕೋಟು ಹೇಗೂ ಹಾಕಿದ್ದೀರಿ. ಐದು ನಿಮಿಷ ಪುಸ್ತಕ ನೋಡ್ಕೊಳ್ಳಿ. ಚಹಾ ಕುಡಿದು ಬರ್ತೀನಿ." ಇಲ್ಲಿ ಹಿರಿಯರನ್ನು ಮ್ಜೀ ಅನ್ನುತ್ತಾರೆ. ಬೇಡ ಅನ್ನುವಷ್ಟರಲ್ಲಿ "ಅಸಾಂಟೆ" ಅಂತ ಧನ್ಯವಾದ ಹೇಳಿ ಹೋಗಿಬಿಟ್ಟ.

ಕಾರುಗಳು ಬರತೊಡಗಿದವು.

"ಓ, ಈ ಸಲ ಗೇಟಿಂದಲೇ ಶುರುನಾ?" ಅಂದರು ಮೊದಲ ಕಾರಿನವರು.

ಅಲ್ಲ, ಅವನು ಚಹಾಕ್ಕೆ ಹೋಗಿದ್ದಾನೆ ಅನ್ನಬೇಕಿತ್ತು. ಗಾಬರಿಗೆ ಬಾಯಿಂದ ಬಂದದ್ದು ಒಂದೇ. "ಮೊದಲು ಬರೀರಿ."

ಕಾರಿನೊಳಗಿನ ಮಕ್ಕಳು ಕಿಸಕ್ಕೆಂದರು. ಇಳಿದು ನನ್ನ ಪಕ್ಕ ಸಾಲಾಗಿ ನಿಂತರು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳು. ಬಂದ ದೊಡ್ಡವರಿಗೆಲ್ಲ ಒಟ್ಟಾಗಿ ಕೂಗಿದರು: "ಮೊದಲು ಬರೀರಿ." ನನ್ನ ಮೊಮ್ಮಗಳದೇ ದೊಡ್ಡ ದನಿ.

ಡಾಕ್ಟರು ಟ್ಯಾಕ್ಸಿಯಿಂದ ಇಳಿದರು. ಕೈಯಲ್ಲಿ ಮಾತಿನ ಹಾಳೆ ಇತ್ತು. ನನ್ನನ್ನು ನೋಡಿದರು, ಪುಸ್ತಕ ನೋಡಿದರು.

"ನಾನು ಇಲ್ಲಿಗೆ ಯಾಕೆ ಬಂದೆ ರೀ?"

ಮಕ್ಕಳು ನಕ್ಕರು. ಅದು ಪ್ರಹಸನದ ಮಾತಲ್ಲ ಅಂತ ನನಗೊಬ್ಬನಿಗೆ ಗೊತ್ತು. ಪೆನ್ನು ಅವರ ಕೈಗಿಟ್ಟೆ.

"ಮೊದಲು ಬರೀರಿ."

ಪೆನ್ನು ಸಿಕ್ಕಿದ್ದೇ ಕೈ ತಾನಾಗಿ ಬರೆಯಿತು. ಬರೆಯುತ್ತಾ ಮುಖ ಬದಲಾಯಿತು. "ಒಳಗೆ ಒಬ್ಬ ಸಾಯ್ತಾ ಇದಾನೆ ಕಣಯ್ಯಾ" ಅಂದರು. ಅದು ಮೊದಲನೆಯ ಮಾತು. ಆಮೇಲೆ ಮೂವತ್ತೊಂಬತ್ತೂ ಬಂದವು. ಕೊನೆಯದನ್ನು ಹೇಳಿ ಪೆನ್ನು ಜೇಬಿಗಿಟ್ಟು ಓಡಿದರು. ಗೇಟಿನ ಈ ಮೇಜಿಗೂ ಪೆನ್ನಿನ ದಾರ ಕಟ್ಟಿತ್ತು.

ಆಗ ಅಧ್ಯಕ್ಷರು ಬಂದರು. "ಸರ್, ನಾನು ಅಧ್ಯಕ್ಷ, ಬಿಡಿ" ಅಂದರು. ಮಕ್ಕಳು ಬಿಡಲಿಲ್ಲ. ಸಹಿ ಹಾಕಲು ಅವರು ಮೇಜಿನ ಹಿಂದೆ ಸಭಾಂಗಣದ ಮೆಟ್ಟಿಲವರೆಗೆ ಓಡಬೇಕಾಯಿತು.

ಅಷ್ಟರಲ್ಲಿ ಕಾವಲುಗಾರ ಬಂದ. ಮೆಟ್ಟಿಲ ಬಳಿ ತನ್ನ ಮೇಜು ಹುಡುಕಿ ಪುಸ್ತಕ ತಿರುವಿದ.

"ಮ್ಜೀ, ನಿಮ್ಮ ಹೆಸರೇ ಇಲ್ಲ."

ಮಕ್ಕಳು ನನ್ನ ಕಡೆ ತಿರುಗಿದರು. ಏನು ಕೂಗಿದರೆಂದು ಹೇಳಬೇಕಿಲ್ಲ. ಬರೆದೆ.

"ಹೋಗುವ ಸಮಯ?" ಅಂತ ಕಾವಲುಗಾರ ಕೇಳಿದ.

ಅಧ್ಯಕ್ಷರು ಇನ್ನೂ ಏದುಸಿರು ಬಿಡುತ್ತಿದ್ದರು. "ಅದು ಖಾಲಿ ಇರಲಿ" ಅಂದರು. "ಇವರೂ ಡಾಕ್ಟರೂ ಹೋಗೋ ಹಾಗೆ ಕಾಣಲ್ಲ."