ಕಪ್ಪೆ ನುಂಗಿದ ಕ್ರಿಯಾಪದ

ನಮ್ಮ ಚಿಕ್ಕಪ್ಪನ ಕೋಣೆಯಲ್ಲಿ ಒಬ್ಬ ಹೆಂಗಸಿದ್ದಾಳೆ ಎಂದು ಹೊಸನಗರದ ಅರ್ಧ ಜನ ನಂಬಿದ್ದಾರೆ. ಉಳಿದರ್ಧ ಜನ, ಇದ್ದಾಳೆ, ಆದರೆ ಬದುಕಿಲ್ಲ ಎಂದು ನಂಬಿದ್ದಾರೆ! ಹಳೆಯ ಅಕ್ಕಿ ಗಿರಣಿಯ ಹಿಂದಿನ ಬಾಡಿಗೆ ಕೋಣೆ ಅದು. ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಒಳಗಿನಿಂದ ಹೆಣ್ಣುದನಿಯೊಂದು ಪಿಸುಗುಡುತ್ತದೆ. ಕನ್ನಡವಲ್ಲ, ಕೊಂಕಣಿಯಲ್ಲ. ಪಿಸುಮಾತು ನಿಂತ ಕೂಡಲೇ ಒದ್ದೆ ಮರವನ್ನು ಯಾರೋ ಕುಟ್ಟಿದಂತೆ ಟಕ್, ಟಕ್. ಮದುವೆಯಾಗದ, ಎಪ್ಪತ್ತು ದಾಟಿದ ಮನುಷ್ಯನ ಕೋಣೆಯಲ್ಲಿ ಇಂಥದ್ದು ಕೇಳಿಸಿದರೆ ಜನ ಇನ್ನೇನು ಅಂದುಕೊಳ್ಳಬೇಕು? ಅಂಚೆಯವ ಕಾಗದವನ್ನು ಗಿರಣಿಯ ಬಾಗಿಲಿಗೇ ಸಿಕ್ಕಿಸಿ ಹೋಗುತ್ತಾನೆ.

ನಾನು ಸಾಗರದಲ್ಲಿ ನರ್ಸು. ಜರ್ಮನಿಯಲ್ಲಿ ಕೆಲಸ ಸಿಗಬೇಕಾದರೆ ಅವರ ಭಾಷೆಯ ಪರೀಕ್ಷೆ ಪಾಸಾಗಬೇಕು. ಒಮ್ಮೆ ಫೇಲಾಗಿದ್ದೆ. ಒಂದೇ ಅರ್ಥದವೆಂಬಂತೆ ಜೋಡಿಜೋಡಿಯಾಗಿ ಬರುವ ಕ್ರಿಯಾಪದಗಳೇ ನನ್ನನ್ನು ಮುಳುಗಿಸಿದ್ದು. ಜೀಪು ಓಡಿಸಿಕೊಂಡಿದ್ದ ಚಿಕ್ಕಪ್ಪನಿಗೆ ಜರ್ಮನ್ ಬರುತ್ತದೆ ಎಂದು ಅಪ್ಪ ಹೇಳಿದಾಗ ನಕ್ಕಿದ್ದೆ. ಆಮೇಲೆ ಬೇರೆ ದಾರಿ ಕಾಣದೆ ಪ್ರತಿ ಭಾನುವಾರ ಹೊಸನಗರದ ಬಸ್ಸು ಹತ್ತತೊಡಗಿದೆ.

ಅವರ ಪಾಠಕ್ಕೆ ಪುಸ್ತಕವಿಲ್ಲ. 'ವಿಸ್ಸನ್' ಅಂದರೆ ಸಂಗತಿ ಗೊತ್ತಿರುವುದು, 'ಕೆನ್ನನ್' ಅಂದರೆ ವ್ಯಕ್ತಿಯ ಪರಿಚಯವಿರುವುದು. ಇದಕ್ಕಾಗಿ ತೀರ್ಥಹಳ್ಳಿಯ ಬಸ್ಸಿನಲ್ಲಿ ಮುಂದಿನ ಸೀಟಿನವರ ಭುಜ ತಟ್ಟಿ, ಅವರ ಊರು, ಹೆಂಡತಿಯ ಹೆಸರು, ನಾಳೆ ತೆಗೆಸಲಿರುವ ಹಲ್ಲು, ಎಲ್ಲವನ್ನೂ ಅವರಿಗೇ ಒಪ್ಪಿಸಿದರು. ಅವರು ಫೋನಿನಲ್ಲಿ ಮಾತಾಡಿದ್ದನ್ನು ಚಿಕ್ಕಪ್ಪ ಹಿಂದಿನಿಂದ ಕೇಳಿಸಿಕೊಂಡಿದ್ದರಷ್ಟೆ. ಆ ಮನುಷ್ಯ ಬೆವರುತ್ತ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟರು. "ನೋಡು, ಎಲ್ಲಾ ಗೊತ್ತು, ಪರಿಚಯ ಇಲ್ಲ" ಎಂದರು ಚಿಕ್ಕಪ್ಪ.

'ಹೋರನ್' ಕಿವಿಗೆ ಬೀಳುವುದು, 'ತ್ಸೂಹೋರನ್' ಕಿವಿಗೊಡುವುದು. ಇಷ್ಟಕ್ಕೆ ಸ್ಕೂಟರಿನಲ್ಲಿ ಮಾಸ್ತಿಕಟ್ಟೆಯ ಹತ್ತಿರದ ಹಿನ್ನೀರಿನ ದಡಕ್ಕೆ ಕರೆದೊಯ್ದರು. ಹಾಡಹಗಲು, ಆದರೂ ಮಂಜಿನಲ್ಲಿ ಎದುರು ದಡವೇ ಇರಲಿಲ್ಲ. ಏನು ಕೇಳುತ್ತದೆ ಎಂದರು. ಏನೂ ಇಲ್ಲ ಎಂದೆ. ಉಸಿರು ಹಿಡಿದು ನಿಲ್ಲು ಎಂದರು. ನಿಂತೆ. ನೀರಿನ ನಡುವಿನಿಂದ ಯಾರೋ ಕೆಮ್ಮಿದರು. ದೋಣಿಯಿಲ್ಲ, ಜನರಿಲ್ಲ. ಮತ್ತೊಮ್ಮೆ, ಇನ್ನಷ್ಟು ಹತ್ತಿರದಲ್ಲಿ, ಕೆಮ್ಮಿದರು. "ನೀರುನಾಯಿ ಇರ್ಬೋದು" ಎಂದ ಚಿಕ್ಕಪ್ಪ ನನಗಿಂತ ಮೊದಲೇ ಸ್ಕೂಟರು ಮುಟ್ಟಿದ್ದರು.

ಮೂರನೆಯ ಜೋಡಿ 'ಫೆರ್‌ಪಾಸನ್' ಮತ್ತು 'ಫೆರ್‌ಮಿಸನ್'. ನಾವಾದರೆ ಎರಡಕ್ಕೂ ಸಲೀಸಾಗಿ 'ಮಿಸ್' ಅಂದುಬಿಡುತ್ತೇವೆ. ಬಸ್ಸು ತಪ್ಪಿದರೆ ಮೊದಲನೆಯದು. ಯಾರೋ ಇಲ್ಲದೆ ಮನಸ್ಸು ಹಂಬಲಿಸಿದರೆ ಎರಡನೆಯದು. ಇದಕ್ಕೆ ಯಾವ ಸ್ಮಶಾನಕ್ಕೆ ಒಯ್ಯುತ್ತಾರೋ ಎಂದು ಹೆದರಿದ್ದೆ. ಅವರು ಕೋಣೆಯ ಬಾಗಿಲು ಹಾಕಿ ಟೇಪ್ ರೆಕಾರ್ಡರ್ ತಂದಿಟ್ಟರು.

ಅದೇ ಪಿಸುದನಿ. ನಾನು ಗೋಡೆಗೆ ಅಂಟಿಕೊಂಡೆ.

ಮೂವತ್ತು ವರ್ಷದ ಹಿಂದೆ ಕಪ್ಪೆಗಳ ಕೂಗನ್ನು ಟೇಪು ಮಾಡಲು ಜರ್ಮನ್ ಸಂಶೋಧಕಿಯೊಬ್ಬರು ನಿಟ್ಟೂರಿಗೆ ಬಂದಿದ್ದರಂತೆ. ಮೂರು ಮಳೆಗಾಲ ಚಿಕ್ಕಪ್ಪನೇ ಅವರ ಡ್ರೈವರು. ಭಾಷೆ ಕಲಿತದ್ದೂ ಅವರಿಂದಲೇ. ಕೊನೆಯ ವಾರ ಒಂದು ಸಂಜೆ ಜೀಪು ಕೆಟ್ಟು, ಅವರನ್ನು ಕರೆತರಲು ಹೋಗಲಾಗಲಿಲ್ಲ. ಅವರು ಕಾಡಿನಲ್ಲಿ ಒಬ್ಬರೇ ಕಾದು, ನಡೆದೇ ಊರು ಸೇರಿದರು. ನಾಚಿಕೆಯಿಂದ ಚಿಕ್ಕಪ್ಪ ಮತ್ತೆ ಮುಖ ತೋರಿಸಲಿಲ್ಲ. ಆ ಸಂಜೆಯ ಕ್ಯಾಸೆಟ್ಟನ್ನು ಇವರಿಗೆಂದು ಬಿಟ್ಟು ಅವರು ಹೊರಟುಹೋದರು. ಈಗ ಇದ್ದಾರೋ ಇಲ್ಲವೋ ತಿಳಿಯದು.

ಟೇಪಿನ ಕೊನೆಗೆ ಒಂದು ವಾಕ್ಯವಿದೆ: "ಇವತ್ತು ನಾನು ಅವನನ್ನು..." ಕ್ರಿಯಾಪದ ಕೊನೆಗೆ, ನಮ್ಮಲ್ಲಿರುವಂತೆಯೇ. 'ಫೆರ್' ಕೇಳುತ್ತದೆ. ಸರಿಯಾಗಿ ಅಲ್ಲಿಗೇ ಒಂದು ಕಪ್ಪೆ ಟಕ್ ಅನ್ನುತ್ತದೆ! ತಪ್ಪಿಸಿಕೊಂಡೆ ಎನ್ನುವ 'ಪಾಸ್ಟೋ', ಹಂಬಲಿಸಿದೆ ಎನ್ನುವ 'ಮಿಸ್ಟೋ'?

"ಬೈದ್ರೋ, ಇನ್ನೊಂದೋ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ ನಂಗೆ" ಎಂದರು. "ನಿನ್ ಕಿವಿ ಎಳೇದು. ಕೇಳಿ ಹೇಳು."

ಇಯರ್‌ಫೋನ್ ಹಾಕಿ ಮೂರು ಸಲ ಕೇಳಿದೆ. ಬರೀ ಕಪ್ಪೆ. ನಾಲ್ಕನೆಯ ಸಲ, ಆ ಸದ್ದಿಗಿಂತ ಕೂದಲೆಳೆಯಷ್ಟು ಮೊದಲು, ತುಟಿ ಮುಚ್ಚಿದ 'ಮ್' ಒಂದು ಕೇಳಿತು. ನನ್ನ ಕಿವಿಯ ಪಕ್ಕದಲ್ಲೇ ನಿಂತು ಅಂದಂತೆ.

"ಮಿಸ್ಟ್, ಚಿಕ್ಕಪ್ಪ" ಎಂದೆ.

ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ರೆಕಾರ್ಡರಿನಿಂದ ಇಯರ್‌ಫೋನ್ ಕಿತ್ತು, ಟೇಪನ್ನು ಹಿಂದಕ್ಕೋಡಿಸಿ ಮತ್ತೆ ಹಾಕಿದರು. ಪಿಸುಮಾತು ಮುಗಿಯಿತು, ಕಪ್ಪೆಯೂ ಸುಮ್ಮನಾಯಿತು. ಉಳಿದ ಬರೀ ಸುಂಯ್ ಎಂಬ ಸದ್ದಿನತ್ತ ಬಾಗಿ, ಮೆಲ್ಲಗೆ, ಬಹುವಚನ ತಪ್ಪದೆ, ಜರ್ಮನ್ನಿನಲ್ಲಿ ಹೇಳಿದರು: ನಾನೂ ನಿಮ್ಮನ್ನು.